ಬಾಟಲಿ 100ರದು, ಸಿರಿಂಜು 40ರದು

ವಿಜಯಪುರ ಜಿಲ್ಲೆಯ ಪಶುಪಾಲನೆ ಮತ್ತು ಔಷಧ ನಿಯಂತ್ರಣ ಇಲಾಖೆಗಳ ಅಧಿಕಾರಿಗಳಿಗೆ,

ನಮ್ಮ ಊರು ಕಾಖಂಡಕಿ. ನಮ್ಮ ಮನೆಯ ಹೆಣ್ಣು ನಾಯಿಗೆ ಸಕ್ಕರೆ ಕಾಯಿಲೆ. ಹನ್ನೆರಡು ತಾಸಿಗೊಮ್ಮೆ, ಊಟ ಹಾಕಿ, 8 ಯೂನಿಟ್ ಇನ್ಸುಲಿನ್ ಕೊಡಿ ಎಂದು ಪಶುವೈದ್ಯರು ಚೀಟಿ ಬರೆದರು. ಯಾವ ಬಲದ ಬಾಟಲಿ, ಯಾವ ಸಿರಿಂಜು ಎಂಬುದು ಚೀಟಿಯಲ್ಲಿ ಇರಲಿಲ್ಲ. ನಗರದ ಔಷಧದಂಗಡಿಯೊಂದರಲ್ಲಿ ಮಿಲಿಲೀಟರಿಗೆ 100 ಯೂನಿಟ್ ಇರುವ ಬಾಟಲಿಯನ್ನೂ ಕೆಂಪು ಮುಚ್ಚಳದ ಸಿರಿಂಜನ್ನೂ ಕೊಟ್ಟರು. ‘ಇವೆರಡೂ ಹೊಂದತಾವೇನ್ರಿ?’ ಎಂದು ಕೇಳಿದ್ದಕ್ಕೆ, ‘ಎಲ್ಲಾ ಸೂಜಿ ಒಂದ ಅದಾವ್ರಿ, ತೊಗೊಂಡ ಹೋಗ್ರಿ’ ಎಂಬ ಉತ್ತರ ಬಂತು.

ಒಂದೇ ಅಲ್ಲ. ಕೆಂಪು ಮುಚ್ಚಳದ್ದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ, ಕಿತ್ತಳೆ ಮುಚ್ಚಳದ್ದು 100ರದಕ್ಕೆ. ಕೆಂಪು ಸಿರಿಂಜಿನಲ್ಲಿ 8ರ ಗೆರೆಯವರೆಗೆ 100ರ ಔಷಧ ಎಳೆದರೆ ದೇಹಕ್ಕೆ ಹೋಗುವುದು 20 ಯೂನಿಟ್. ಎರಡೂವರೆ ಪಟ್ಟು! ಸಂಜೆ ಚುಚ್ಚಿದ ಮೇಲೆ ನಾಯಿಯ ಹಿಂಗಾಲುಗಳು ನಡುಗತೊಡಗಿದವು. ಗೋಡೆಗೆ ಹಾಯುತ್ತ ನಡೆದು, ಬಿದ್ದು ಸೆಟೆದುಕೊಂಡಿತು. ನಮ್ಮ ವೈನಿಗೂ ಶುಗರ್ ಇರುವುದರಿಂದ ಸಕ್ಕರೆ ಇಳಿದಿದೆ ಎಂದು ಅವರೇ ಗುರುತು ಹಿಡಿದರು. ಸೆಟೆತ ನಿಂತ ಕೂಡಲೇ ಬೆಲ್ಲದ ನೀರಿನಲ್ಲಿ ಬೆರಳದ್ದಿ ಒಸಡಿಗೆ ಸವರಿದರು. ಬಾಯಿಗೆ ಸುರಿಯಲು ಬಿಡಲಿಲ್ಲ, ಎಚ್ಚರ ತಪ್ಪಿದಾಗ ಸುರಿದದ್ದು ಶ್ವಾಸನಾಳಕ್ಕೆ ಇಳಿಯಬಹುದು. ನಾಯಿ ಉಳಿಯಿತು. ವೈನಿ ಮನೆಯಲ್ಲಿ ಇರದಿದ್ದರೆ?

ಎತ್ತುಗಳನ್ನು ಓಡಿಸುವ ಕಾರಹುಣ್ಣಿಮೆಯ ಕರಿಗೆ ಹೆಸರಾದ ಊರು ನಮ್ಮದು. ಎತ್ತಿಗೆ ಜಡ್ಡಾದರೆ ಏನು ಮಾಡಬೇಕೆಂದು ಇಲ್ಲಿ ಹತ್ತು ಜನ ಹೇಳುತ್ತಾರೆ. ನಾಯಿಯ ಶುಗರ್ ಎಂದರೆ ‘ನಾಯಿಗೂ ಬರತೈತೇನ್?’ ಎನ್ನುತ್ತಾರೆ. ಬರುತ್ತದೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಸಂಶೋಧಕರು ಇನ್ಸುಲಿನ್ ಔಷಧವನ್ನು ಮೊದಲು ಪರೀಕ್ಷಿಸಿದ್ದು ನಾಯಿಗಳ ಮೇಲೆಯೇ. ಮನುಷ್ಯರಿಗೆ ಅದು ಸಿಕ್ಕಿದ್ದು ಮರುವರ್ಷ. ನಾಯಿಗಳಿಂದ ಬಂದ ಔಷಧ ನಾಯಿಗೇ ವಿಷವಾಗುವಂಥ ಉಪೇಕ್ಷೆಯನ್ನು ನಾನು ಒಪ್ಪಲಾರೆ.

ಇನ್ಸುಲಿನ್ ಬರೆಯುವ ಪಶುವೈದ್ಯರು ಬಾಟಲಿಯ ಬಲವನ್ನೂ ಸಿರಿಂಜಿನ ಬಗೆಯನ್ನೂ ಚೀಟಿಯಲ್ಲಿ ಕಡ್ಡಾಯವಾಗಿ ನಮೂದಿಸಲಿ. ಎರಡನ್ನೂ ಹೊಂದಿಸಿ ನೋಡದೆ ಅಂಗಡಿಯವರು ಕೊಡಕೂಡದು. ಹಳ್ಳಿಯ ಪಶು ಚಿಕಿತ್ಸಾಲಯದಲ್ಲೂ ಸಹಾಯವಾಣಿ 1962ಕ್ಕೆ ಕರೆ ಮಾಡಿದರೆ ಬರುವ ಪಶು ಚಿಕಿತ್ಸಾ ವಾಹನದಲ್ಲೂ ಗ್ಲುಕೋಮೀಟರ್, ಸ್ಟ್ರಿಪ್ಪು, ಗ್ಲುಕೋಸ್ ಬಾಟಲಿ ಇರುವಂತೆ ನೋಡಿಕೊಳ್ಳಿ. ಹೆಣ್ಣು ನಾಯಿಗೆ ಬೆದೆಯ ನಂತರ ಸಕ್ಕರೆ ಏರುವುದುಂಟು, ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಹತೋಟಿ ಸುಲಭವಾಗುತ್ತದೆ. ಆ ಶಸ್ತ್ರಚಿಕಿತ್ಸೆ ನಮಗೆ ಹತ್ತಿರದ ಬಬಲೇಶ್ವರದಲ್ಲೇ ಸಿಗುವಂತಾಗಲಿ.

ಇನ್ನೊಂದು ಬೇಡಿಕೆ, ಕನ್ನಡದಲ್ಲಿ ಅಚ್ಚಾದ ಒಂದು ಹಾಳೆ. ನಾಯಿ ಊಟ ಬಿಟ್ಟ ದಿನ ವೈದ್ಯರನ್ನು ಕೇಳದೆ ಸೂಜಿ ಚುಚ್ಚಬಾರದು, ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಬರ್ಫಿನ ಖಾನೆಯಲ್ಲಿ ಇಡಬಾರದು, ನಮ್ಮ ಬೇಸಿಗೆಯಲ್ಲಿ ಕರೆಂಟು ಹೋದಾಗ ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿ ಇರಲಿ. ರಾತ್ರಿ ಹೊತ್ತು ಯಾರಿಗೆ ಫೋನ್ ಹಚ್ಚಬೇಕು ಎಂಬುದನ್ನು ದೊಡ್ಡ ಅಕ್ಷರದಲ್ಲಿ ಹಾಕಿಸಿ.

ಇಂತಿ,
ಕಾಖಂಡಕಿಯ ಒಬ್ಬ ರೈತ