ಕಾಣದ ನೀರುಗಂಟಿಗಳು

ಕೋಲಾರದ ಸೀಮೆಯವರಿಗೆ ಕೆರೆಯ ಮಹಿಮೆಯನ್ನು ಹೇಳಿಕೊಡಬೇಕಾಗಿಲ್ಲ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ನೆಲದಲ್ಲಿ ನಮ್ಮ ಹಿರಿಯರು ಸಾವಿರಾರು ಕೆರೆಗಳನ್ನು ಕಟ್ಟಿ, ಒಂದರ ಕೋಡಿಯ ನೀರು ಇನ್ನೊಂದನ್ನು ತುಂಬುವಂತೆ ಮಾಡಿದರು. ಆ ಸರಪಳಿಯನ್ನು ಕಾಯುತ್ತಿದ್ದವನು ನೀರುಗಂಟಿ. ತೂಬನ್ನು ಎತ್ತುವವನು, ಇಳಿಸುವವನು, ಯಾವ ಗದ್ದೆಗೆ ಎಷ್ಟು ನೀರೆಂದು ನೋಡುವವನು, ಮಳೆಯ ರಾತ್ರಿಯಲ್ಲಿ ಏರಿಯ ಮೇಲೆ ನಡೆದು ಬಿರುಕು ಹುಡುಕುವವನು ಅವನೇ. ಸುಗ್ಗಿಯಲ್ಲಿ ಊರವರು ಅವನ ಪಾಲಿನ ಧಾನ್ಯವನ್ನು ಅಳೆದು ಕೊಡುತ್ತಿದ್ದರು. ಕಾಲ ಬದಲಾಯಿತು, ಕೊಳವೆ ಬಾವಿಗಳು ಬಂದವು, ಅನೇಕ ಊರುಗಳಲ್ಲಿ ನೀರುಗಂಟಿಯೂ ಮರೆಯಾದ, ಕೆರೆಯಲ್ಲಿ ಹೂಳೂ ತುಂಬಿತು.

ಈಚೆಗೆ ಹುತ್ತೂರಿನ ತಂಗಿಯ ಮನೆಗೆ ಹೋಗಿದ್ದಾಗ ಹೊಸ ಬಗೆಯ ನೀರುಗಂಟಿಯೊಬ್ಬನನ್ನು ಕಂಡೆ. ಬೇರೆ ಯಾರೂ ಅಲ್ಲ, ತಂಗಿಯ ಮಗನೇ. ಅವನಿಗೆ ಬೆಂಗಳೂರಿನಲ್ಲಿ ಉದ್ಯೋಗ. ವಾರದ ಕೊನೆಗೆ ಊರಿಗೆ ಬರುತ್ತಾನೆ. ಮನೆಯವರೆಲ್ಲ ಮಲಗಿದರೂ ಅವನ ಕೋಣೆಯ ದೀಪ ಆರಲಿಲ್ಲ.

"ಏನಪ್ಪಾ, ಆಫೀಸಿನ ಕೆಲಸವೆ?" ಎಂದೆ.

"ಅಲ್ಲ ಮಾವ, ಇದು ಊರ ಕೆಲಸ. ಸಂಬಳವಿಲ್ಲ."

ಯಾವ ಊರೆಂದು ಕೇಳಿದ್ದಕ್ಕೆ ನಕ್ಕು ವಿವರಿಸಿದ. ಕಂಪ್ಯೂಟರನ್ನು ನಡೆಸುವ ಮೂಲ ವ್ಯವಸ್ಥೆಗಳಲ್ಲಿ ಯುನಿಕ್ಸ್ ಎಂಬುದು ಒಂದು ದೊಡ್ಡ ಮನೆತನ. ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದಕ್ಕೆ ಅಡಿಪಾಯ ಹಾಕಿದರು. ಆ ಮನೆತನದ ಬರ್ಕ್ಲಿ ವಿಶ್ವವಿದ್ಯಾಲಯದ ಕವಲಿನಿಂದ ೧೯೯೩ರಲ್ಲಿ ಹುಟ್ಟಿದ ಕುಡಿ ಫ್ರೀಬಿಎಸ್‌ಡಿ. ಅಲ್ಲಿ ಮನೆಯವರೇ ಕಟ್ಟಿದ ಮೂಲ ವ್ಯವಸ್ಥೆ ಒಂದು ಕಡೆ. ಪತ್ರ ಬರೆಯುವುದಕ್ಕೆ, ಚಿತ್ರ ಬಿಡಿಸುವುದಕ್ಕೆ, ಲೆಕ್ಕ ಇಡುವುದಕ್ಕೆ ಹೊರಗಿನವರು ಬರೆದ ತಂತ್ರಾಂಶಗಳು ಇನ್ನೊಂದು ಕಡೆ. ಹೊರಗಿನವನ್ನು ಒಳಗೆ ತರುವ ಏರ್ಪಾಟಿಗೆ ಪೋರ್ಟ್ಸ್ ಎಂದು ಹೆಸರು. ೧೯೯೪ರಲ್ಲಿ ಆರಂಭವಾದ ಈ ಸಂಗ್ರಹದಲ್ಲಿ ಈಗ ೩೦,೦೦೦ಕ್ಕೂ ಹೆಚ್ಚು ತಂತ್ರಾಂಶಗಳುಂಟು. ಒಂದೊಂದರ ಕಡತದಲ್ಲಿಯೂ ಪಾಲಕನ ವಿಳಾಸಕ್ಕೆಂದು ಒಂದು ಸಾಲು. ಅಂಥ ಮೂರು ಸಾಲುಗಳಲ್ಲಿ ನಮ್ಮ ಹುಡುಗನ ವಿಳಾಸವಿದೆ.

ಪಾಲಕನ ಕೆಲಸವೇನು? ತಂತ್ರಾಂಶದ ಮೂಲ ಕರ್ತೃವನ್ನು ಈ ಜನ 'ಅಪ್‌ಸ್ಟ್ರೀಮ್', ಅಂದರೆ ಹೊಳೆಯ ಮೇಲುಗಡೆ, ಎಂದು ಕರೆಯುತ್ತಾರೆ. ಕೆರೆಯ ನಾಡಿನವರಿಗೆ ಇದಕ್ಕಿಂತ ಸ್ಪಷ್ಟವಾದ ಮಾತು ಬೇಕೆ? ಮೇಲಿನಿಂದ ಹೊಸ ಆವೃತ್ತಿ ಬಂದೊಡನೆ ಪಾಲಕನು ಅದನ್ನು ತರಿಸಿಕೊಂಡು, ಕಡತದಲ್ಲಿ ಆವೃತ್ತಿಯ ಸಂಖ್ಯೆಯನ್ನು ತಿದ್ದಿ, ಬಂದ ಕಟ್ಟಿನ ಹೆಬ್ಬೆಟ್ಟಿನ ಗುರುತನ್ನು ದಾಖಲು ಮಾಡುತ್ತಾನೆ. ಇದು ೬೪ ಅಕ್ಷರಗಳ ಗುರುತು. ಕಟ್ಟಿನೊಳಗೆ ಒಂದು ಚುಕ್ಕೆ ಬದಲಾದರೂ ಗುರುತು ಬೇರೆಯಾಗುತ್ತದೆ. ಆಮೇಲೆ ಬೇರೇನೂ ಇಲ್ಲದ ಶುದ್ಧ ಆವರಣದಲ್ಲಿ ಅದನ್ನು ಕಟ್ಟಿ ನೋಡಬೇಕು. ನಮ್ಮ ಒಲೆಯ ಮೇಲೆ ಬೆಂದದ್ದು ನೆರೆಮನೆಯ ಒಲೆಯ ಮೇಲೂ ಬೇಯುವುದೇ ಎಂಬ ಪರೀಕ್ಷೆ ಇದು. ಎಲ್ಲಕ್ಕಿಂತ ಕಷ್ಟವಾದದ್ದು, ಇದನ್ನೇ ನೆಚ್ಚಿಕೊಂಡಿರುವ ಇತರ ತಂತ್ರಾಂಶಗಳ ಗತಿ. ಅನೇಕರು ಆಶ್ರಯಿಸಿದ ಸಣ್ಣದೊಂದು ಬದಲಾದರೆ ನೂರಾರನ್ನು ಮತ್ತೆ ಕಟ್ಟಬೇಕಾದೀತು. ಮೇಲಿನ ಕೆರೆಯ ಏರಿ ಒಡೆದರೆ ಕೆಳಗಿನ ಕೆರೆ ಸುಮ್ಮನೆ ಉಳಿದೀತೆ?

ಆ ರಾತ್ರಿ ಅವನು ಹೆಣಗುತ್ತಿದ್ದುದೂ ಇದರೊಡನೆಯೇ. ಹೊಸ ಆವೃತ್ತಿ ತನ್ನಷ್ಟಕ್ಕೆ ಚೆನ್ನಾಗಿತ್ತು. ಅದನ್ನು ನೆಚ್ಚಿದ ಎರಡು ಮುರಿದು ಬಿದ್ದಿದ್ದವು.

"ಹಳೆಯದನ್ನೇ ಇಟ್ಟುಕೊಂಡರೆ ಆಗದೆ?" ಎಂದೆ.

"ಹಳೆಯ ಗೋಡೆಯಲ್ಲಿ ಕಂಡಿ ಬಿದ್ದಿದೆ ಮಾವ. ಕಳ್ಳರಿಗೂ ಅದು ತಿಳಿದಿದೆ."

ಹಾಗೆ ಹೇಳಿ, ಅಂದು ಬಂದಿದ್ದ ಒಂದು ಪತ್ರವನ್ನು ತೋರಿಸಿದ. ದೂರದ ದೇಶದ ಯಾರೋ ಬರೆದದ್ದು. 'ಹೊಸ ಆವೃತ್ತಿ ಬಂದು ವಾರವಾಯಿತು. ನೀನು ನಿದ್ದೆ ಮಾಡುತ್ತಿರುವೆಯೋ? ಆಗದಿದ್ದರೆ ಬಿಟ್ಟು ತೊಲಗು' ಎಂಬುದು ಅದರ ಸಾರ. "ಬಿಟ್ಟುಬಿಡೋಣವೆಂದು ನನಗೂ ಅನ್ನಿಸುತ್ತದೆ" ಎಂದ.

ಬಿಡುವುದಕ್ಕೆ ಅಡ್ಡಿಯಿಲ್ಲ. ಯಾರಾದರೂ ಕಳುಹಿಸಿದ ತಿದ್ದುಪಡಿಗೆ ಪಾಲಕನು ಎರಡು ವಾರ ಉತ್ತರ ಕೊಡದಿದ್ದರೆ ಬೇರೆಯವರು ಮುಂದುವರಿಯಬಹುದು. ಮೂರು ತಿಂಗಳು ಮೌನವಾಗಿದ್ದರೆ ಅವನ ಹೆಸರನ್ನೇ ತೆಗೆದುಹಾಕಬಹುದು. ಲಿನಕ್ಸ್ ವರ್ಗದ ಡೆಬಿಯನ್ ಎಂಬ ವ್ಯವಸ್ಥೆಯಲ್ಲಂತೂ ಪಾಲಕನಿಲ್ಲದ ತಂತ್ರಾಂಶವನ್ನು 'ಅನಾಥ' ಎಂದೇ ಕರೆಯುತ್ತಾರೆ. ಮನಸ್ಸಿದ್ದವರು 'ದತ್ತು' ತೆಗೆದುಕೊಳ್ಳಬಹುದು. ಆದರೆ ದತ್ತು ಕೇಳಿ ಬಂದವರೆಲ್ಲ ಮಗುವಿನ ಹಿತವನ್ನೇ ಬಯಸುವರೆಂದು ಹೇಳುವಂತಿಲ್ಲ.

ಎಕ್ಸ್‌ಜೆಡ್ ಎಂಬ ಸಣ್ಣ ತಂತ್ರಾಂಶದ ಕಥೆ ಇದಕ್ಕೆ ಸಾಕ್ಷಿ. ಕಡತಗಳನ್ನು ಒತ್ತಿ ಚಿಕ್ಕದು ಮಾಡುವುದು ಅದರ ಕೆಲಸ. ಅದನ್ನು ಬಹುಕಾಲ ನೋಡಿಕೊಂಡು ಬಂದವರು ಲಾಸ್ಸೆ ಕಾಲಿನ್. ಕೆಲಸ ನಿಧಾನವಾಯಿತೆಂದು ಕೆಲವರು ಒತ್ತಾಯಿಸತೊಡಗಿದಾಗ, ೨೦೨೨ರ ಜೂನ್ ತಿಂಗಳಲ್ಲಿ ಅವರು, ತಮ್ಮ ಮನಸ್ಸಿನ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸ ಎಂದು ಬರೆದರು. ಜಿಯಾ ಟಾನ್ ಎಂಬ ಹೆಸರಿನಲ್ಲಿ ನೆರವಿಗೆ ಬಂದಿದ್ದ ಒಬ್ಬರಿಗೆ ಕ್ರಮೇಣ ಜವಾಬ್ದಾರಿ ದೊರೆಯಿತು. ೨೦೨೪ರಲ್ಲಿ ಅದೇ ಹೆಸರಿನಿಂದ ಹೊರಬಂದ ಎರಡು ಆವೃತ್ತಿಗಳಲ್ಲಿ ವಿಷ ಬೆರೆತಿತ್ತು. ಎಕ್ಸ್‌ಜೆಡ್‌ನ ಮೂಲಕ ಕೆಲವು ಲಿನಕ್ಸ್ ವ್ಯವಸ್ಥೆಗಳ ಹೆಬ್ಬಾಗಿಲನ್ನೇ ತೆರೆಯುವ ಹಂಚಿಕೆ ಅದು. ಹೆಬ್ಬೆಟ್ಟಿನ ಗುರುತು ಇಲ್ಲಿ ಕಾಪಾಡಲಿಲ್ಲ. ದಾರಿಯಲ್ಲಿ ಯಾರಾದರೂ ಕಟ್ಟನ್ನು ಬಿಚ್ಚಿದರೆ ಮಾತ್ರ ಅದು ಹೇಳೀತು, ಕಟ್ಟಿದವನೇ ವಿಷವಿಟ್ಟರೆ ಹೇಳದು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ಬಾಗಿಲು ತೆರೆಯಲು ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಜಾಡು ಹಿಡಿದು ಹೋಗಿ, ಮಾರ್ಚ್ ೨೯ರಂದು ಗುಟ್ಟನ್ನು ಬಯಲು ಮಾಡಿದರು. ಡೆಬಿಯನ್, ಫೆಡೋರಾಗಳ ಪರೀಕ್ಷಾ ಆವೃತ್ತಿಗಳವರೆಗೆ ಬಂದಿದ್ದ ವಿಷ ಅಲ್ಲಿಗೇ ನಿಂತಿತು. ಅರ್ಧ ಸೆಕೆಂಡಿನ ಬಿರುಕನ್ನು ಕಂಡ ಆ ಕಣ್ಣು ನೀರುಗಂಟಿಯದೇ ಅಲ್ಲವೆ?

ನಮಗೂ ಇದಕ್ಕೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಗುಬ್ಬಿ, ನವಿಲು ಎಂಬ ಕನ್ನಡ ಅಕ್ಷರಶೈಲಿಗಳು ಡೆಬಿಯನ್ ಸಂಗ್ರಹದಲ್ಲಿವೆ. ಡೆಬಿಯನ್ ಕೆರೆಯ ಕೋಡಿಯಿಂದ ತುಂಬುವುದು ಉಬುಂಟು. ಉಬುಂಟುವಿನ ಕೋಡಿಯಿಂದ ಕೇರಳದ ಕೈಟ್ ಸಂಸ್ಥೆ ಶಾಲೆಗಳಿಗೆಂದು ಸಿದ್ಧಪಡಿಸಿದ ವ್ಯವಸ್ಥೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಕುಳಿತಿರುವುದು ಈ ಮೂರನೆಯ ಕೆರೆಯ ದಂಡೆಯಲ್ಲಿ. ಮೊದಲನೆಯ ತೂಬಿನ ಬಳಿ ಯಾರೋ ಒಬ್ಬರು ನಿದ್ದೆಗೆಟ್ಟದ್ದು ಆ ಮಕ್ಕಳಿಗೆ ಕಾಣುವುದಿಲ್ಲ.

ಕಾಣದವರ ಪಾಲಿನ ಧಾನ್ಯವನ್ನು ಅಳೆಯುವವರಾರು? ಇವರ ಶ್ರಮದಿಂದ ಲಾಭ ಗಳಿಸುವ ದೊಡ್ಡ ಸಂಸ್ಥೆಗಳು ಹಣವನ್ನೂ ಆಳನ್ನೂ ಕೊಡಬೇಕು. ಇದು ದಾನವಲ್ಲ, ಸಲ್ಲಬೇಕಾದ ಪಾಲು. ಮನೆಮಂದಿ ಮಾಡಬಹುದಾದದ್ದೂ ಉಂಟು. ಪರದೆಯ ಮೇಲೆ 'ಹೊಸ ಆವೃತ್ತಿ ಸಿದ್ಧವಾಗಿದೆ' ಎಂದು ಕಂಡಾಗ ನಾಳೆಗೆಂದು ತಳ್ಳದಿರುವುದು ಒಂದು. ದೋಷ ಕಂಡರೆ ಬೈಯದೆ, ಏನಾಯಿತೆಂದು ನಾಲ್ಕು ಸಾಲು ಬರೆದು ತಿಳಿಸುವುದು ಇನ್ನೊಂದು. ದಣಿದ ನೀರುಗಂಟಿಯನ್ನು ಬೈದು ಏರಿಯಿಂದ ಇಳಿಸಿದರೆ, ಆ ಜಾಗಕ್ಕೆ ಬಂದವನು ಯಾರೆಂದು ಪ್ರವಾಹ ಬಂದ ಮೇಲೆಯೇ ತಿಳಿದೀತು.

ಬೆಳಗ್ಗೆ ತಂಗಿ, "ರಾತ್ರಿಯೆಲ್ಲ ಕಣ್ಣು ಕೆಡಿಸಿಕೊಳ್ಳುತ್ತಾನೆ, ನೀನಾದರೂ ಬುದ್ಧಿ ಹೇಳಣ್ಣ" ಎಂದಳು. ಹುಡುಗ ಆಗಲೇ ಎದ್ದು ಜಗಲಿಯಲ್ಲಿ ಕುಳಿತಿದ್ದ. ಮುರಿದ ಎರಡರಲ್ಲಿ ಒಂದು ಸರಿಹೋಗಿತ್ತಂತೆ. ಇನ್ನೊಂದರ ಪಾಲಕರು ತಾವೇ ನೋಡಿಕೊಳ್ಳುವುದಾಗಿ ಪತ್ರ ಬರೆದಿದ್ದರಂತೆ. ಬಿಡುವ ಮಾತನ್ನು ಅವನು ಎತ್ತಲಿಲ್ಲ. ನಾನೂ ಬುದ್ಧಿ ಹೇಳಲಿಲ್ಲ.

"ಅವನಿಗೆ ಇನ್ನೊಂದು ಲೋಟ ಕಾಫಿ ಕೊಡಮ್ಮ" ಎಂದೆ, ಅಷ್ಟೆ.