ದನ ಮುಟ್ಟದ ಗಿಡ, ಹಕ್ಕಿ ಕೂರದ ಮರ

ಮಳೆಗಾಲ ಬಂತೆಂದರೆ ನಮ್ಮ ತುಮಕೂರು ಜಿಲ್ಲೆಯಲ್ಲಿ ಎರಡು ಬೆಳೆ. ಹೊಲದಲ್ಲಿ ರಾಗಿ, ರಸ್ತೆ ಬದಿಯಲ್ಲಿ ಫೋಟೋ. ರಾಗಿ ಕೈಕೊಟ್ಟರೂ ಫೋಟೋ ಕೈಕೊಡುವುದಿಲ್ಲ. ಜೂನ್ ೫ಕ್ಕೆ ಪರಿಸರ ದಿನ, ಜುಲೈ ಮೊದಲ ವಾರ ವನಮಹೋತ್ಸವ. ಒಂದು ಗೇಣುದ್ದದ ಗಿಡ, ಅದನ್ನು ಹಿಡಿಯಲು ಹತ್ತು ಕೈ, ನೀರು ಹಾಕಲು ಒಂದು ಚೊಂಬು. ಮಾರನೆಯ ದಿನ ಪೇಪರಿನಲ್ಲಿ ಚಿತ್ರ. ಮೂರನೆಯ ದಿನ ಗಿಡ ಎಲ್ಲಿದೆ ಅಂತ ಕೇಳಬೇಡಿ.

ಕೇಂದ್ರದ ಮಂತ್ರಿಯಾಗಿದ್ದ ಕೆ.ಎಂ. ಮುನ್ಷಿಯವರು ಈ ವನಮಹೋತ್ಸವ ಶುರು ಮಾಡಿದ್ದು ೧೯೫೦ರಲ್ಲಿ. ಎಪ್ಪತ್ತೈದು ವರ್ಷ ಕಳೆಯಿತು. ಇಷ್ಟು ವರ್ಷವೂ ನಾವು ಕೇಳುತ್ತಾ ಬಂದ ಪ್ರಶ್ನೆ ಒಂದೇ: ಎಷ್ಟು ಗಿಡ ನೆಟ್ಟಿರಿ? ಸ್ವಲ್ಪ ತಿಳಿದವರು, ಎಷ್ಟು ಬದುಕಿದವು ಅಂತ ಕೇಳುತ್ತಾರೆ. ಯಾವ ಗಿಡ ನೆಟ್ಟಿರಿ, ಅದನ್ನೇ ಯಾಕೆ ನೆಟ್ಟಿರಿ ಅಂತ ಕೇಳಿದವರು ಅಪರೂಪ. ಸ್ವಾಮಿ, ಅಸಲು ಪ್ರಶ್ನೆ ಅದೇ.

ಈಗ ಗಿಡದ ಆಯ್ಕೆ ನಡೆಯುವ ರೀತಿ ನೋಡಿ. ನರ್ಸರಿಯಲ್ಲಿ ಯಾವುದು ಉಳಿದಿದೆಯೋ ಅದು ಗಾಡಿ ಹತ್ತುತ್ತದೆ. ಬೇಗ ಬೆಳೆಯಬೇಕು, ಬೇಸಿಗೆಯಲ್ಲೂ ಹಸಿರಾಗಿ ಕಾಣಬೇಕು, ಎಲ್ಲಕ್ಕಿಂತ ಮುಖ್ಯವಾಗಿ ದನ ಮೇಕೆ ತಿನ್ನಬಾರದು. ಕಾವಲಿಗೆ ಜನ ಇಲ್ಲ, ಬೇಲಿಗೆ ದುಡ್ಡಿಲ್ಲ, ಆದ್ದರಿಂದ ತಿನ್ನದ ಗಿಡವೇ ಒಳ್ಳೆಯ ಗಿಡ. ನೀಲಗಿರಿ ಬಂದದ್ದು ಹೀಗೆ, ಆಸ್ಟ್ರೇಲಿಯಾದ ಅಕೇಶಿಯ ಬಂದದ್ದೂ ಹೀಗೆ. ನೀಲಗಿರಿ ನೆಡುವುದನ್ನು ರಾಜ್ಯ ಸರ್ಕಾರವೇ ೨೦೧೭ರಲ್ಲಿ ನಿಲ್ಲಿಸಿತು. ಈಚೆಗೆ ಎಷ್ಟೋ ಊರುಗಳ ಡಿವೈಡರಿನಲ್ಲಿ ಕೊನೊಕಾರ್ಪಸ್ ಅನ್ನುವ ಗಿಡ ಗೋಡೆಯ ಹಾಗೆ ನಿಂತಿದೆ. ಅದನ್ನು ಗುಜರಾತ್ ಸರ್ಕಾರ ೨೦೨೩ರಲ್ಲಿ ನಿಷೇಧಿಸಿತು.

ಇಲ್ಲೇ ನಮ್ಮ ಲೆಕ್ಕ ತಪ್ಪುವುದು. ಎಲೆ ತಿನ್ನಲು ಹುಳ ಬರದಿದ್ದರೆ ಚಿಟ್ಟೆ ಇಲ್ಲ. ಹುಳವೂ ಇಲ್ಲ, ಹಣ್ಣೂ ಇಲ್ಲ ಅಂದರೆ ಹಕ್ಕಿಗೆ ಅಲ್ಲೇನು ಕೆಲಸ? ಯಾರೂ ತಿನ್ನಬಾರದು ಅಂತ ಹುಡುಕಿ ತಂದ ಗಿಡದಲ್ಲಿ ಯಾರೂ ವಾಸ ಮಾಡುತ್ತಿಲ್ಲ ಅಂತ ಆಮೇಲೆ ಅಳುವುದು ಯಾವ ನ್ಯಾಯ? ಹಸಿರು ಬಣ್ಣ ಬಳಿದ ಗೋಡೆಗೂ ಅದಕ್ಕೂ ಏನು ವ್ಯತ್ಯಾಸ?

ದನದ ಕಾಟಕ್ಕೆ ಬೇರೆ ದಾರಿ ಇಲ್ಲವೇ ಅಂತೀರಾ? ಇದೆ. ಹೊಂಗೆ ಇದೆ. ಅದರ ಎಲೆಗೆ ದನ ಬಾಯಿ ಹಾಕುವುದು ಕಡಿಮೆ, ಆದರೆ ಹೂ ಬಿಟ್ಟಾಗ ಜೇನು ಬಿಡುವುದಿಲ್ಲ. ಬೇಸಿಗೆ ಏರುವ ಹೊತ್ತಿಗೆ ಹೊಸ ಚಿಗುರು ಹೊತ್ತು ನಿಲ್ಲುತ್ತದೆ. ಹೊಂಗೆ ನೆರಳು ತಾಯಿ ಮಡಿಲು ಅಂತ ನಮ್ಮ ಹಿರಿಯರು ಸುಮ್ಮನೆ ಅಂದದ್ದಲ್ಲ. ಬೇವು ಇದೆ. ಅದರ ಹಣ್ಣಿಗೆ ಪಿಕಳಾರ, ಕೋಗಿಲೆ, ಗೊರವಂಕ ಎಲ್ಲಾ ಬರುತ್ತವೆ. ಎರಡೂ ನಮ್ಮ ಬಯಲುಸೀಮೆಯ ಒಣ ನೆಲಕ್ಕೆ ಹೇಳಿ ಮಾಡಿಸಿದವು.

ಪುರಾವೆ ಬೇಕಾದವರು ಶಿರಾ ತಾಲ್ಲೂಕಿನ ಕಗ್ಗಲಡುಗೆ ಒಂದು ಬಸ್ ಹತ್ತಿ ಹೋಗಿ ಬನ್ನಿ. ಅಲ್ಲಿ ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತವೆ. ಕಾಡಲ್ಲ, ಅಭಯಾರಣ್ಯ ಅಂತ ಬೇಲಿ ಹಾಕಿದ ಜಾಗವೂ ಅಲ್ಲ. ಮನೆ, ಹಟ್ಟಿ, ಕಣ, ಅದರ ನಡುವೆ ಹುಣಸೆಮರ. ಆ ಮರ ನೆಟ್ಟ ಪುಣ್ಯಾತ್ಮರು ಕೊಕ್ಕರೆಗೆ ಅಂತ ನೆಟ್ಟಿರಲಾರರು, ಹುಳಿಗೆ ಅಂತ ನೆಟ್ಟಿರಬೇಕು. ಆದರೆ ಗಟ್ಟಿ ಕೊಂಬೆಯ ಮರ ಇತ್ತು, ಸುತ್ತ ಕೆರೆಗಳಲ್ಲಿ ಮೀನಿತ್ತು, ಜನ ಕಲ್ಲು ಹೊಡೆಯಲಿಲ್ಲ. ಅಷ್ಟು ಸಾಕಾಯಿತು. ಅದೇ ಜಾಗದಲ್ಲಿ ನೀಲಗಿರಿ ನೆಟ್ಟಿದ್ದರೆ ಆ ಕೊಕ್ಕರೆ ಸಂಸಾರ ಕಗ್ಗಲಡುಗೆ ಬರುತ್ತಿತ್ತೇ?

ಇನ್ನು ನಮ್ಮ ಅಂಗಡಿಯವರ ಮಾತು. ಅವರ ದೂರು ನನಗೆ ಗೊತ್ತು. ಮರ ಬೆಳೆದರೆ ಬೋರ್ಡು ಕಾಣಲ್ಲ. ಬೇರು ಬಂದು ಮೆಟ್ಟಿಲು ಏಳುತ್ತೆ. ಹಕ್ಕಿ ಹಿಕ್ಕೆ ಗಿರಾಕಿಯ ಸ್ಕೂಟರ್ ಮೇಲೆ ಬೀಳುತ್ತೆ. ಕರೆಂಟ್ ಲೈನಿನವರು ಬಂದು ಅರ್ಧ ಮರ ಕಡಿದು ಕೊಂಬೆ ಅಲ್ಲೇ ಬಿಟ್ಟು ಹೋಗ್ತಾರೆ. ಇದ್ಯಾವುದೂ ಸುಳ್ಳಲ್ಲ. ಆದರೆ ಇದು ಮರದ ತಪ್ಪೂ ಅಲ್ಲ, ಜಾಗ ನೋಡದೆ ನೆಟ್ಟವರ ತಪ್ಪು. ನಾಲ್ಕಡಿ ಫುಟ್‌ಪಾತಿನಲ್ಲಿ, ಕರೆಂಟ್ ತಂತಿಯ ಕೆಳಗೆ ಅರಳಿ ನೆಟ್ಟರೆ ಅದೇನು ಮಾಡಬೇಕು, ಬಗ್ಗಿ ನಡೆಯಬೇಕೇ? ಹತ್ತು ವರ್ಷಕ್ಕೆ ಅದನ್ನು ಕಡಿಯಲೇಬೇಕಾಗುತ್ತದೆ. ಅಷ್ಟು ಕಾಯಲಾರದ ಕೆಲವರು ರಾತ್ರಿ ಬುಡಕ್ಕೆ ಆಸಿಡ್ ಸುರಿಯುತ್ತಾರೆ. ೧೯೭೬ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ ಅನ್ನುವುದು ಅವರಿಗೂ ಗೊತ್ತು, ಅದಕ್ಕೇ ರಾತ್ರಿ.

ಹಾಗಾದರೆ ಎಲ್ಲೆಲ್ಲಿ ಏನು? ಅಂಗಡಿ ಮುಂದೆ, ತಂತಿ ಕೆಳಗೆ ಸಣ್ಣ ಮರ ಸಾಕು. ಕಕ್ಕೆ ನೆಡಿ. ಬೇಸಿಗೆಯಲ್ಲಿ ಹಳದಿ ಗೊಂಚಲು ಇಳಿಬಿಟ್ಟು ಬೀದಿಯನ್ನೇ ಮದುವೆಮನೆ ಮಾಡುತ್ತದೆ. ಅದರ ಎಲೆಯ ಮೇಲೆ ಹಳದಿ ಚಿಟ್ಟೆಗಳು ಮೊಟ್ಟೆ ಇಡುತ್ತವೆ. ಪಾರಿಜಾತ, ಮಂದಾರ, ನೆಲ್ಲಿ ಆಗಬಹುದು. ಬಸ್ ನಿಲ್ದಾಣ, ಆಟೋ ಸ್ಟ್ಯಾಂಡ್, ಸಂತೆ ಮೈದಾನಕ್ಕೆ ಹೊಂಗೆ, ಬೇವು. ಬಿಸಿಲಲ್ಲಿ ತಲೆ ಮೇಲೆ ಬ್ಯಾಗ್ ಇಟ್ಟುಕೊಂಡು ಬಸ್ಸಿಗೆ ಕಾಯುವವರಿಗೆ ತಗಡಿನ ಶೆಲ್ಟರಿಗಿಂತ ಒಂದು ಹೊಂಗೆ ಮೇಲು. ತಗಡು ಕಾಯುತ್ತದೆ, ಎಲೆ ತಂಪು ಕೊಡುತ್ತದೆ. ಕೆರೆ ಏರಿಯ ಆಸುಪಾಸು ಕರಿಜಾಲಿ, ಹೊಳೆಮತ್ತಿ. ಜಾಲಿಯ ಮುಳ್ಳುಕೊಂಬೆಗೆ ಗೀಜಗ ಗೂಡು ನೇತು ಹಾಕುತ್ತದೆ. ನೇರಳೆ ರಸ್ತೆ ಬದಿಗೆ ಬೇಡ, ಹಣ್ಣು ಉದುರಿ ಬೈಕಿನವರು ಜಾರುತ್ತಾರೆ. ಅದು ಪಾರ್ಕಿಗೆ, ಶಾಲೆ ಅಂಗಳಕ್ಕೆ.

ಆಲ, ಅರಳಿ, ಅತ್ತಿ, ಗೋಣಿ ದೊಡ್ಡ ಮರಗಳು, ಅವಕ್ಕೆ ದೊಡ್ಡ ಜಾಗವೇ ಬೇಕು. ಗುಂಡುತೋಪು, ಆಸ್ಪತ್ರೆ ಮೈದಾನ, ಊರ ಹೊರಗಿನ ಅಗಲ ರಸ್ತೆ. ಬೇರೆ ಮರಗಳಲ್ಲಿ ಹಣ್ಣಿಲ್ಲದ ಕಾಲದಲ್ಲೂ ಈ ಜಾತಿಯ ಯಾವುದಾದರೊಂದು ಮರ ಹಣ್ಣು ಬಿಟ್ಟಿರುತ್ತದೆ. ಕುಟ್ರು, ಕೋಗಿಲೆ, ಬಾವಲಿ, ಅಳಿಲು ಎಲ್ಲಕ್ಕೂ ಅದೇ ಛತ್ರ. ಊರಿಗೆ ನಾಲ್ಕು ಆಲದ ಮರ ಇದ್ದರೆ ನಾನೂರು ಕೊನೊಕಾರ್ಪಸ್‌ಗೆ ಸಮ ಅಂತ ನಾನು ಹೇಳುವುದಿಲ್ಲ, ನಾನೂರಕ್ಕಿಂತ ಮೇಲು ಅಂತಲೇ ಹೇಳುತ್ತೇನೆ.

ಹೊರಗಿನ ಮರ ಎಲ್ಲಾ ಕೆಟ್ಟದ್ದು ಅಂತ ಹೇಳಲು ನಾನು ಹೊರಟಿಲ್ಲ. ನಾವು ಬಾಯಿ ಚಪ್ಪರಿಸುವ ಹುಣಸೆಯ ಮೂಲವೇ ಆಫ್ರಿಕಾ. ಮಕ್ಕಳು ಮುತ್ತುವ ಗಸಗಸೆ ಹಣ್ಣಿನ ಮರ ಅಮೆರಿಕಾ ಖಂಡದ್ದು, ಆದರೂ ಅದರಲ್ಲಿ ಬೆಳಗಿನಿಂದ ಸಂಜೆವರೆಗೆ ಹಕ್ಕಿ ಜಾತ್ರೆ. ಗುಲ್‌ಮೊಹರ್ ಮಡಗಾಸ್ಕರಿನಿಂದ ಬಂತು, ಹೂ ಚೆಂದ, ಆದರೆ ಗಾಳಿಮಳೆಗೆ ಕೊಂಬೆ ಮುರಿದು ಕಾರಿನ ಮೇಲೆ ಬೀಳುವ ಮರ ಅದು. ಹುಟ್ಟಿದ ಊರು ಕೇಳುವುದಕ್ಕಿಂತ, ಇಲ್ಲಿ ಬಂದು ಯಾರಿಗೆ ಅನ್ನ ಹಾಕುತ್ತದೆ, ಯಾರ ತಲೆ ಮೇಲೆ ಬೀಳುತ್ತದೆ ಅಂತ ಕೇಳಿ.

ಮರಕ್ಕೆ ಜಾಗ ಇಲ್ಲ ಅನ್ನುವವರು ಸುಮ್ಮನಿರಬೇಕಾಗಿಲ್ಲ. ಹಿತ್ತಲಲ್ಲಿ ಒಂದು ಕರಿಬೇವು, ಒಂದು ನಿಂಬೆ ಇದ್ದರೆ ಕಪ್ಪು ಬಣ್ಣದ ದೊಡ್ಡ ಚಿಟ್ಟೆ ತಾನಾಗೇ ಹುಡುಕಿಕೊಂಡು ಬಂದು ಮೊಟ್ಟೆ ಇಡುತ್ತದೆ. ಮರಿಹುಳ ನಾಲ್ಕು ಎಲೆ ತಿಂದೀತು, ತಿನ್ನಲಿ ಬಿಡಿ, ನಿಮ್ಮ ಒಗ್ಗರಣೆಗೇನೂ ಕಡಿಮೆಯಾಗಲ್ಲ. ದಾಸವಾಳ ಹಾಕಿ, ಸೂರಕ್ಕಿ ಬರುತ್ತದೆ. ಖಾಲಿ ಸೈಟಿನ ಎಕ್ಕದ ಗಿಡವನ್ನು ಕಳೆ ಅಂತ ಕೀಳಿಸಬೇಡಿ, ಅದನ್ನೇ ನಂಬಿದ ಚಿಟ್ಟೆ ಇದೆ. ಆದರೆ ಹೂ ಚೆಂದ ಅಂತ ಲಂಟಾನ ಮಾತ್ರ ತರಬೇಡಿ, ಅದು ಕಾಡನ್ನೇ ನುಂಗುತ್ತಿರುವ ಪೊದೆ.

ಗಿಡ ಕೊಳ್ಳುವಾಗಲೂ ಕಣ್ಣು ತೆರೆದು ಕೊಳ್ಳಿ. ಬದನೆಕಾಯಿ ಹಿಸುಕಿ ನೋಡುವ ನಾವು ಗಿಡ ಮಾತ್ರ ಕೊಟ್ಟದ್ದು ತರುತ್ತೇವೆ. ಎತ್ತರ ನೋಡಿ ಮರುಳಾಗಬೇಡಿ. ನೆರಳಲ್ಲಿ ಒತ್ತಾಗಿ ಬೆಳೆದ ಗಿಡ ಕಡ್ಡಿಯ ಹಾಗೆ ಉದ್ದ ಹೋಗಿರುತ್ತದೆ, ಬಿಸಿಲಿಗೆ ಬಂದ ವಾರಕ್ಕೆ ಬಾಗುತ್ತದೆ. ಕಾಂಡ ದಪ್ಪಗಿರಲಿ. ಚೀಲದ ತಳದಲ್ಲಿ ಬೇರು ಸುರುಳಿ ಸುತ್ತಿಕೊಂಡಿದ್ದರೆ ಬೇಡ ಅನ್ನಿ, ಆ ಸುರುಳಿ ಮುಂದೆ ಮರವಾದ ಮೇಲೂ ಬಿಚ್ಚುವುದಿಲ್ಲ, ಗಾಳಿಗೆ ಬೀಳುತ್ತದೆ. ನೆಡುವಾಗ ಪ್ಲಾಸ್ಟಿಕ್ ಚೀಲ ಹರಿದು ತೆಗೆಯಿರಿ. ಇದನ್ನೂ ಹೇಳಬೇಕೇ ಅಂತೀರಿ. ಚೀಲದ ಸಮೇತ ಹೂಳಿದ ಗಿಡಗಳು ಎಷ್ಟೋ ಇವೆ.

ಆಮೇಲೆ ನೀರು. ನಮ್ಮ ಜಿಲ್ಲೆಯಲ್ಲಿ ಮಳೆ ಜೋರು ಹಿಡಿಯುವುದು ಸೆಪ್ಟೆಂಬರ್, ಅಕ್ಟೋಬರ್‌ಗೆ. ಜೂನ್ ೫ಕ್ಕೆ ನೆಟ್ಟು ಕೈ ತೊಳೆದುಕೊಂಡರೆ ಅಲ್ಲಿಯವರೆಗೆ ಬೀಸುಗಾಳಿಯಲ್ಲಿ ಗಿಡ ಏನು ಕುಡಿಯಬೇಕು? ನಮ್ಮ ಗುಬ್ಬಿ ಕಡೆ ಹುಟ್ಟಿ ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಸೊಸೆಯಾಗಿ ಹೋದ ಸಾಲುಮರದ ತಿಮ್ಮಕ್ಕ, ಗಂಡ ಚಿಕ್ಕಯ್ಯನವರ ಜೊತೆ ಕೂಡಿ ಹುಲಿಕಲ್-ಕುದೂರು ರಸ್ತೆಗೆ ೩೮೫ ಆಲದ ಗಿಡ ಬೆಳೆಸಿದರು. ನೀರು ಹೊತ್ತು ಹಾಕಿದರು, ದನ ತಿನ್ನದಂತೆ ಮುಳ್ಳು ಕಟ್ಟಿದರು. ದನ ತಿನ್ನುತ್ತದೆ ಅಂತ ಆಲ ಬಿಟ್ಟು ಬೇರೆ ಹುಡುಕಲಿಲ್ಲ. ೨೦೧೯ರಲ್ಲಿ ಪದ್ಮಶ್ರೀ ಬಂತು, ೨೦೨೫ರ ನವೆಂಬರಿನಲ್ಲಿ ಆ ತಾಯಿ ತೀರಿಕೊಂಡರು. ಭಾವಚಿತ್ರಕ್ಕೆ ಹಾರ ಹಾಕಿದವರೆಲ್ಲ ಆ ಮುಳ್ಳಿನ ಬೇಲಿಯನ್ನೂ ನೆನಪಿಟ್ಟುಕೊಂಡರೆ ಸಾಕು.

ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ರೈತನಿಗೆ ಪ್ರೋತ್ಸಾಹಧನ ಸಿಗುವುದು ನೆಟ್ಟ ಗಿಡಕ್ಕಲ್ಲ, ಬದುಕಿದ ಗಿಡಕ್ಕೆ, ಮೂರು ವರ್ಷ ಎಣಿಸಿ ನೋಡಿ. ಹಳ್ಳಿಗೆ ಸರಿಯಾದ ಈ ಲೆಕ್ಕ ಪೇಟೆಗೆ ಯಾಕಿಲ್ಲ? ಬೀದಿ ಗಿಡದ ಕಂಟ್ರಾಕ್ಟಿಗೂ ಮೂರನೆಯ ವರ್ಷ ಎಣಿಸಿ ಬಿಲ್ ಕೊಡಲಿ. ನೆಡುವ ಮುಂಚೆ ಯಾವ ಬೀದಿಗೆ ಯಾವ ಗಿಡ ಅಂತ ಪಟ್ಟಿ ಬರೆದು ವಾರ್ಡಿನಲ್ಲಿ ಅಂಟಿಸಲಿ. ಅಂಗಡಿಯವರು ತಮ್ಮ ಮುಂದಿನ ಜಾಗಕ್ಕೆ ಕಕ್ಕೆಯೋ ಮಂದಾರವೋ ಅಂತ ತಾವೇ ಹೇಳಲಿ. ತಾನು ಆರಿಸಿದ ಗಿಡದ ಬುಡಕ್ಕೆ ಯಾರೂ ಆಸಿಡ್ ಸುರಿಯುವುದಿಲ್ಲ.

ಈ ಸಲ ನಿಮ್ಮ ಬೀದಿಗೆ ಗಿಡದ ಗಾಡಿ ಬಂದಾಗ ಫೋಟೋಗೆ ನಿಲ್ಲುವ ಮುಂಚೆ ಒಂದು ಮಾತು ಕೇಳಿ: ಏನ್ರೀ ಇದರ ಹೆಸರು, ಇದರಲ್ಲಿ ಯಾವ ಹಕ್ಕಿ ಕೂರುತ್ತೆ? ಉತ್ತರ ಬರದಿದ್ದರೆ ಗಾಡಿ ವಾಪಸ್ ಕಳಿಸಿ.