ಹಲ್ಲು ಕಡಿಯೋದಕ್ಕೂ ಹುಳಕ್ಕೂ ಏನ್ರೀ ಸಂಬಂಧ?

"ವಟ್ಟೇಲಿ ಉಳ ಅವ ಕನಪ್ಪ..."

ನಿದ್ದೇಲಿ ಯಾರಾದ್ರೂ ಹಲ್ಲು ಕಡಿದ್ರೆ ನಮ್ಮ ಚಾಮರಾಜನಗರದ ಕಡೆ ಸಿಗೋದು ಇದೊಂದೇ ಉತ್ತರ. ಮಗು ಕಡಿದ್ರೂ ಹುಳ, ನಲವತ್ತು ದಾಟಿದ ಗಂಡಸು ಕಡಿದ್ರೂ ಹುಳ!

ಗುಂಡ್ಲುಪೇಟೆಯ ನಮ್ಮ ಭಾವ ಕೇರಳಕ್ಕೆ ತರಕಾರಿ ಲೋಡ್ ಹೊಡೀತಾರೆ. 2009ರಿಂದ ಬಂಡೀಪುರದ ದಾರಿ ರಾತ್ರಿ 9ಕ್ಕೆ ಮುಚ್ಚುತ್ತೆ, ಅಷ್ಟರೊಳಗೆ ದಾಟಬೇಕು ಅನ್ನೋ ಧಾವಂತ. ಟೀ ಮೇಲೆ ಟೀ, ಜೊತೆಗೆ ಬೀಡಿ. ಮನೇಲಿ ಮಲಗಿದ್ರೆ ಅಕ್ಕನಿಗೆ ರಾಗಿಕಲ್ಲು ಬೀಸಿದ ಹಾಗೆ ಸದ್ದು ಕೇಳ್ತಿತ್ತು. ವರ್ಷಗಟ್ಟಲೆ! ಊರವರ ಮಾತು ಕೇಳಿ ಹುಳದ ಮಾತ್ರೆ ನುಂಗಿದ್ದೇ ನುಂಗಿದ್ದು. ಬೆಳಗ್ಗೆ ಎದ್ರೆ ಕಣತಲೆ ನೋವು ಅಂತ ಕನ್ನಡಕಾನೂ ಬದಲಾಯಿಸಿದ್ರು. ಕೊನೆಗೆ ದವಡೆ ಹಲ್ಲೇ ಸೀಳಿತು.

ಹುಳದ ಮಾತ್ರೆ ಬೇಡ ಅಂತಲ್ಲ. 2015ರಿಂದ ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಕೊಡ್ತಿದ್ದಾರೆ, ಮಕ್ಕಳಿಗೆ ಹಾಕಿಸಿ. ಆದ್ರೆ ಹಲ್ಲು ಕಡಿಯೋದಕ್ಕೆ ಹುಳ ಕಾರಣ ಅನ್ನೋದು ಸಾಬೀತಾಗಿಲ್ಲ. ಡಾಕ್ಟರುಗಳು ಬ್ರಕ್ಸಿಸಂ ಅನ್ನೋ ಇದು, ನಿದ್ದೆ ಕೆಲವೇ ಸೆಕೆಂಡು ಅರೆಬರೆ ಎಚ್ಚರವಾದಾಗ ದವಡೆಯ ಸ್ನಾಯುಗಳು ಮಾಡೋ ಕೆಲಸ. ಚಿಂತೆ, ಕಾಫಿ-ಟೀ, ಹೊಗೆಸೊಪ್ಪು, ಹೆಂಡ, ಖಿನ್ನತೆಗೆ ಕೊಡೋ ಕೆಲವು ಮಾತ್ರೆಗಳು ಇದನ್ನ ಹೆಚ್ಚಿಸಬಹುದು. ಮಕ್ಕಳಲ್ಲಿ ಬಹುಪಾಲು ಬೆಳೀತಾ ತಾನಾಗೇ ನಿಲ್ಲುತ್ತೆ.

ನನಗೆ ಸಿಟ್ಟು ಬರೋದು ಇಲ್ಲಿ. ಕಡಿಯೋನಿಗೆ ಆ ಸದ್ದು ಗೊತ್ತೇ ಆಗಲ್ಲ. ಇರೋ ಸಾಕ್ಷಿ ಪಕ್ಕದಲ್ಲಿ ಮಲಗಿದವರು ಮಾತ್ರ. ಅವರೂ ಹುಳ ಅಂತ ನಕ್ಕು ಮಗ್ಗುಲು ಬದಲಿಸಿದ್ರೆ?

ಬೆಂಗಳೂರಲ್ಲಿ ರೂಮು ಮಾಡ್ಕೊಂಡು ಒಬ್ಬರೇ ಮಲಗೋ ಬ್ಲಾಗಿಗ ಮಿತ್ರರೇ, ನಿಮಗೆ ಆ ಸಾಕ್ಷಿಯೂ ಇಲ್ಲ. ಬೆಳಗ್ಗೆ ದವಡೆ ಬಿಗಿದಿರುತ್ತಾ? ತಣ್ಣೀರು ತಾಗಿದ್ರೆ ಹಲ್ಲು ಜುಮ್ಮನ್ನುತ್ತಾ? ಕನ್ನಡಿ ಮುಂದೆ ಬಾಯಿ ತೆರೀರಿ. ಕೋರೆಹಲ್ಲಿನ ಮೊನೆ ಚಪ್ಪಟೆಯಾಗಿದ್ಯಾ, ಕೆನ್ನೆಯ ಒಳಗೆ ಬಿಳಿ ಗೆರೆ, ನಾಲಿಗೆ ಅಂಚಲ್ಲಿ ಹಲ್ಲಿನ ಅಚ್ಚು ಇದ್ಯಾ ನೋಡಿ. "ಎಲೆಅಡಿಕೆ ಹಾಕಿದ್ರೂ ಹಲ್ಲು ಸವೆಯುತ್ತಲ್ಲ" ಅಂತೀರಾ? ಸವೆಯುತ್ತೆ ಸ್ವಾಮಿ, ಆದ್ರೆ ಅಡಿಕೆ ನಡುರಾತ್ರಿ ಕಟಕಟ ಅನ್ನಲ್ಲ.

ಹಲ್ಲಿನ ಡಾಕ್ಟರು ರಾತ್ರಿ ಹಾಕ್ಕೊಳ್ಳೋ ಗಾರ್ಡ್ ಮಾಡಿಕೊಡ್ತಾರೆ. ಅದು ಹಲ್ಲು ಉಳಿಸುತ್ತೆ, ಕಡಿಯೋದನ್ನ ನಿಲ್ಲಿಸುತ್ತೆ ಅಂತ ನಂಬಬೇಡಿ. ಜೊತೆಗೆ ಜೋರು ಗೊರಕೆ, ನಡುನಡುವೆ ಉಸಿರು ನಿಂತ ಹಾಗೆ ಆಗ್ತಿದ್ರೆ ಅದನ್ನ ಬೇರೆಯಾಗಿಯೇ ತೋರಿಸಬೇಕು. ಅಂಥವರು ಹಗಲು ಸ್ಟೇರಿಂಗ್ ಹಿಡಿದೇ ತೂಕಡಿಸ್ತಾರೆ. ಅದಕ್ಕೂ ಹುಳದ ಮಾತ್ರೆ ಕೊಡ್ತೀರಾ?